ಕರೆಂಟ್ ಹೋದಾಗ ಸೋಲಾರೂ ಹೋದರೆ?

"ಸೋಲಾರ್ ಹಾಕಿಸಿ, ಕರೆಂಟ್ ಚಿಂತೆ ಬಿಡಿ" ಅಂತ ಊರೂರು ತಿರುಗೋರಿಗೆ ನನ್ನದೊಂದೇ ಪ್ರಶ್ನೆ. ಯಾವ ಸೋಲಾರ್ ಸ್ವಾಮಿ? ಹಳ್ಳಿ ಮನೆಗೆ ಆನ್‌ಗ್ರಿಡ್ ಮಾರುವಾಗ ಅದರ ಮುಖ್ಯ ಗುಣವನ್ನೇ ಇವರು ಬಾಯಿ ಬಿಡಲ್ಲ. ಲೈನ್ ಕರೆಂಟ್ ಹೋದರೆ ಅದೂ ಬಂದ್. ನೆತ್ತಿ ಸುಡೋ ಬಿಸಿಲಿದ್ದರೂ ಮನೇಲಿ ಫ್ಯಾನ್ ತಿರುಗಲ್ಲ.

ಇದು ದೋಷ ಅಲ್ಲ, ಹಾಗೇ ಇರಬೇಕಾದ್ದು. ಲೈನ್ ಆಫ್ ಮಾಡಿ ಲೈನ್‌ಮನ್ ಕಂಬ ಹತ್ತಿರ್ತಾನೆ, ಆಗ ನಿಮ್ಮ ಮನೆಯಿಂದ ಕರೆಂಟ್ ವಾಪಸ್ ಹರಿದರೆ ಅವನ ಗತಿ ಏನು? ಅದಕ್ಕೇ ಇನ್ವರ್ಟರ್ ತಾನಾಗೇ ನಿಲ್ಲುತ್ತೆ. ನನ್ನ ಸಿಟ್ಟು ಯಂತ್ರದ ಮೇಲಲ್ಲ, ಇದನ್ನ ಮುಚ್ಚಿಟ್ಟು ಸಹಿ ಹಾಕಿಸಿಕೊಳ್ಳೋರ ಮೇಲೆ.

ಮೊನ್ನೆ ನಮ್ಮ ಜಗಲಿಗೂ ಒಬ್ಬರು ಬಂದಿದ್ದರು. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಅನ್ನೋದನ್ನ ಕಾಫಿ ಕುಡಿಯೋದ್ರೊಳಗೆ ಮೂರು ಸಲ ಹೇಳಿದರು. ಅದು ನಿಜವೇ. "ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಲೈನ್ ಇರಲ್ಲ, ಆಗೇನು?" ಅಂದೆ. ಮೊಬೈಲ್ ನೋಡೋಕೆ ಶುರು ಮಾಡಿದರು.

ಇನ್ನೊಂದು ಲೆಕ್ಕ. ತಿಂಗಳಿಗೆ 50-60 ಯೂನಿಟ್ ಸುಡೋ ಮನೆಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರ್ತಿದೆ. ಇಲ್ಲದ ಬಿಲ್ಲನ್ನ ಆನ್‌ಗ್ರಿಡ್ ಹೇಗೆ ಉಳಿಸುತ್ತೆ? ಅದಕ್ಕೆ ಸಾಲ ಬೇರೆ ಮಾಡಿಸ್ತಾರೆ! ಪೇಟೇಲಿ, ಕರೆಂಟ್ ಹೋಗದ ಕಡೆ, ಏಸಿ ಇಟ್ಟುಕೊಂಡು ಸಾವಿರಗಟ್ಟಲೆ ಬಿಲ್ ಕಟ್ಟೋರಿಗೆ ಅದು ಚಿನ್ನ. ಖಂಡಿತ ಹಾಕಿಸಲಿ.

ನಮಗೆ ಬೇಕಾದ್ದು ಕತ್ತಲಲ್ಲಿ ಬೆಳಕು. ಅದಕ್ಕೆ ಬ್ಯಾಟರಿ ಇರೋ ಆಫ್‌ಗ್ರಿಡ್ಡೇ ಸರಿ. ಅಲ್ಲೂ ಕಣ್ಣು ತೆರೆದಿರಿ. 12 ವೋಲ್ಟ್, 150 ಎಎಚ್ ಬ್ಯಾಟರಿ ಅಂದ್ರೆ ಕಾಗದದ ಮೇಲೆ 1.8 ಯೂನಿಟ್. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದ್ರೆ ಅದರಲ್ಲಿ ಅರ್ಧ ಬಳಸಿ ಸಾಕು ಅನ್ನಬೇಕು. ನಾಲ್ಕು ಎಲ್‌ಇಡಿ, ಎರಡು ಹಳೇ ಫ್ಯಾನ್ ಸೇರಿ 180 ವ್ಯಾಟ್ ಅಂತಿಟ್ಟುಕೊಳ್ಳಿ, ನಾಲ್ಕೈದು ತಾಸು. ಫ್ರಿಜ್ಜು, ಮಿಕ್ಸಿ, ಮೋಟರ್ ಎಲ್ಲಾ ಇದರಲ್ಲೇ ಓಡುತ್ತೆ ಅಂದವನನ್ನ ಗೇಟಿನಿಂದಲೇ ಕಳಿಸಿ. ಡಿಸ್ಟಿಲ್ಡ್ ವಾಟರ್ ಹಾಕೋ ಕೆಲಸ ನಿಮ್ಮದೇ. ಲಿಥಿಯಂಗೆ ಆ ರಗಳೆ ಇಲ್ಲ, ರೇಟು ಜಾಸ್ತಿ.

ಎರಡೂ ಬೇಕು ಅನ್ನೋರಿಗೆ ಹೈಬ್ರಿಡ್ ಇದೆ. ಲೈನ್ ಹೋದಾಗ ಗ್ರಿಡ್‌ನಿಂದ ಕಳಚಿಕೊಂಡು ಬ್ಯಾಟರಿಯಿಂದ ಮನೆ ನಡೆಸುತ್ತೆ. ಆದರೆ ಸಬ್ಸಿಡಿ ಗ್ರಿಡ್‌ಗೆ ಜೋಡಿಸಿದ ಪ್ಯಾನೆಲ್ ಲೆಕ್ಕಕ್ಕೆ, ಬ್ಯಾಟರಿ ಖರ್ಚು ಪೂರ್ತಿ ನಮ್ಮ ತಲೆ ಮೇಲೆ. ಹೊಲಕ್ಕೆ ಪಂಪ್‌ಸೆಟ್ ಕೊಡೋ ಸರ್ಕಾರಕ್ಕೆ, ದಿನಾ ಕರೆಂಟ್ ಕಳೆದುಕೊಳ್ಳೋ ಮನೆಗೊಂದು ಬ್ಯಾಟರಿಗೆ ನೆರವು ಕೊಡೋಕೆ ಏನು ಅಡ್ಡಿ? ಲೋಡ್ ಶೆಡ್ಡಿಂಗ್ ಯಾರ ಮನೇಲಿ ಹೆಚ್ಚು ಅಂತ ಅವರಿಗೆ ಗೊತ್ತಿಲ್ವಾ?

ಅಂದಹಾಗೆ, ಪ್ಯಾನೆಲ್ ಮೇಲೆ ತೆಂಗಿನ ಗರಿ ನೆರಳು ಬೀಳದ ಜಾಗ ಹುಡುಕಿ. ಒಂದು ಪ್ಯಾನೆಲ್‌ಗೆ ಬಿದ್ದ ನೆರಳು ಇಡೀ ಸಾಲನ್ನ ಎಳೆಯುತ್ತೆ.

ಏಜೆಂಟ್ ಬಂದರೆ ಕೊಟೇಶನ್‌ನಲ್ಲೇ ಬರೆಸಿ: ಲೈನ್ ಇಲ್ಲದಾಗ ಯಾವ್ಯಾವ ಪಾಯಿಂಟ್ ಎಷ್ಟು ತಾಸು ಉರಿಯುತ್ತೆ ಅಂತ. ಬರೆದುಕೊಟ್ಟರೆ ಮುಂದಿನ ಮಾತು.