‘ಇಂಗ್ಲಿಷ್‌ನಲ್ಲಿ ಹಿಂದುಳಿದವಳು’ ಎಂದು ಬರೆಯುವ ಮುನ್ನ

ಕಳೆದ ವರ್ಷದ ಬೋಧನಾಭ್ಯಾಸದ ವೇಳೆ ಬೆಳ್ಳಂದೂರಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಆರನೇ ತರಗತಿಯ ಇಂಗ್ಲಿಷ್ ಪಾಠ ವೀಕ್ಷಿಸುತ್ತಿದ್ದೆ. ಪಾಠದ ವಿಷಯ ‘ನನ್ನ ಕುಟುಂಬ’. ಹುಡುಗಿಯೊಬ್ಬಳು ಎದ್ದು ನಿಂತು, ‘ಮೈ ಮದರ್, ಹೀ ವರ್ಕ್ ಇನ್ ಅಪಾರ್ಟ್‌ಮೆಂಟ್’ ಎಂದಳು. ತರಗತಿಯೇ ನಕ್ಕಿತು; ಪ್ರಶಿಕ್ಷಣಾರ್ಥಿಗೂ ನಗು ತಡೆಯಲಾಗಲಿಲ್ಲ. ಅವಧಿ ಮುಗಿಯುವವರೆಗೂ ಆ ಹುಡುಗಿ ಮತ್ತೆ ಬಾಯಿ ತೆರೆಯಲಿಲ್ಲ. ದಾಖಲೆ ಪುಸ್ತಕದಲ್ಲಿ ಪ್ರಶಿಕ್ಷಣಾರ್ಥಿ ‘ಇಂಗ್ಲಿಷ್‌ನಲ್ಲಿ ತೀರಾ ಹಿಂದುಳಿದವಳು’ ಎಂದು ಷರಾ ಬರೆದರು. ಅದರ ಕೆಳಗೆ ನಾನು ಸಹಿ ಹಾಕಿದೆ.

ಬಿಸಿಯೂಟದ ಹೊತ್ತಿನಲ್ಲಿ ಮಾತನಾಡಿಸಿದಾಗ ತಿಳಿಯಿತು, ಆಕೆಯ ಮನೆಮಾತು ಬಂಗಾಳಿ. ಬಂಗಾಳಿಯಲ್ಲಿ ‘ಅವನು’, ‘ಅವಳು’ ಎಂಬ ಭೇದವಿಲ್ಲ. ಎರಡಕ್ಕೂ ಒಂದೇ ಸರ್ವನಾಮ. ನನ್ನೊಡನೆ ಕನ್ನಡದಲ್ಲಿ ಮಾತನಾಡುವಾಗ ಮಾತ್ರ ‘ಅಮ್ಮ ಕೆಲಸಕ್ಕೆ ಹೋಗಿದ್ದಾಳೆ’ ಎಂದು ಸರಿಯಾಗಿಯೇ ಹೇಳಿದಳು. ಅಂದರೆ, ಮನೆಮಾತಿನಲ್ಲಿ ಇಲ್ಲದ ಭೇದವನ್ನು ಆಕೆ ಈಗಾಗಲೇ ಒಮ್ಮೆ ಕಲಿತಾಗಿತ್ತು! ಅಂಗಡಿಯಲ್ಲಿ ಹಿಂದಿ ಬೇರೆ ಆಡುತ್ತಾಳೆ. ನಮ್ಮ ಕಡತದಲ್ಲಿ ‘ದ್ವಿತೀಯ ಭಾಷೆ’ ಆಗಿರುವ ಇಂಗ್ಲಿಷ್ ಅವಳಿಗೆ ನಾಲ್ಕನೆಯದು.

ಕನ್ನಡದ ಮಕ್ಕಳ ತಪ್ಪುಗಳಿಗೂ ಹೀಗೇ ಕಾರಣಗಳಿವೆ. ಯಾದಗಿರಿ, ರಾಯಚೂರಿನಿಂದ ಬಂದ ಕಟ್ಟಡ ಕಾರ್ಮಿಕರ ಮಗು ‘ಐ ಸ್ಕೂಲ್ ಗೋಯಿಂಗ್’ ಎಂದರೆ ಅದು ಕನ್ನಡದ ಪದಕ್ರಮ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಎಗ್’ ಎಂಬುದು ‘ಯೆಗ್’ ಆಗುವುದು, ‘ಎ’, ‘ದಿ’ಗಳು ಬಿಟ್ಟುಹೋಗುವುದು ಕೂಡ ಕನ್ನಡದ ಜಾಡಿನಲ್ಲೇ. ಇವು ದಡ್ಡತನದ ಗುರುತುಗಳಲ್ಲ, ಗೊತ್ತಿರುವ ಭಾಷೆಯ ಆಧಾರದ ಮೇಲೆ ಹೊಸ ಭಾಷೆಯನ್ನು ಕಟ್ಟಿಕೊಳ್ಳುವ ಪ್ರಯತ್ನಗಳು.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಪೋಷಕರ ಆಸೆ ಸಹಜವಾದದ್ದೇ. ಹೊರ ವರ್ತುಲ ರಸ್ತೆಯ ಐಟಿ ಕಚೇರಿಗಳಲ್ಲಿ ನೆಲ ಒರೆಸುವವರು, ಗೇಟು ಕಾಯುವವರು ಒಳಗೆ ಕುಳಿತವರ ಭಾಷೆ ಯಾವುದೆಂದು ದಿನವೂ ಕೇಳಿಸಿಕೊಳ್ಳುತ್ತಾರೆ. ಆದರೆ ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವಾಗಿ ಬಳಸಿ ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಹೇಳಿದ್ದರೂ, ನಮ್ಮ ದಾಖಲೆ ಪುಸ್ತಕದಲ್ಲಿ ಅದಕ್ಕೊಂದು ಅಂಕಣವಿಲ್ಲ.

‘ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕೊಡುವವರು ಯಾರು?’ ಎಂದು ಸಹೋದ್ಯೋಗಿಗಳು ಕೇಳಬಹುದು. ತಿದ್ದಬೇಡಿ ಎಂದು ನಾನು ಹೇಳುತ್ತಿಲ್ಲ. ಕಾರಣ ತಿಳಿದು ತಿದ್ದೋಣ ಎನ್ನುತ್ತಿದ್ದೇನೆ. ಆ ದಿನ ಕಪ್ಪುಹಲಗೆಯ ಮೇಲೆ ‘ಅವನು’, ‘ಅವಳು’ ಎಂದು ಬರೆದು, ಎದುರಿಗೆ ‘ಹೀ’, ‘ಶೀ’ ಬರೆದಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು. ನಕ್ಕಿದ್ದರಿಂದ ತಪ್ಪು ತಿದ್ದಿಕೊಳ್ಳಲಿಲ್ಲ, ಮಾತು ನಿಂತಿತು. ಮಾತು ನಿಂತ ಮಗುವಿಗೆ ಯಾವ ಭಾಷೆಯನ್ನೂ ಕಲಿಸಲಾಗದು.

ಈ ಬಾರಿ ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಮೊದಲ ವಾರ ಪ್ರತಿ ಮಗುವಿನ ಹೆಸರಿನ ಮುಂದೆ ಅದಕ್ಕೆ ಬರುವ ಭಾಷೆಗಳನ್ನು ಬರೆದುಕೊಳ್ಳಿ. ಷರಾ ಆಮೇಲೆ. ಮಾರ್ಗದರ್ಶಕರಾದ ನಾವೂ ಆ ಪಟ್ಟಿಯನ್ನು ನೋಡಿಯೇ ಸಹಿ ಹಾಕೋಣ.