ಪಿಗ್ಮಿ ಕಟ್ಟಿದ ಊರಿನವರು ಕ್ರಿಪ್ಟೋ ಬ್ಯಾಂಕನ್ನು ಹೇಗೆ ಅಳೆಯಬೇಕು?

ಬ್ಯಾಂಕು ಕಟ್ಟಿದವರ ಸಾಧನೆಯನ್ನು ಅಳೆಯಲು ಒಂದೇ ಪ್ರಶ್ನೆ ಸಾಕು. ಜನ ದುಡ್ಡು ವಾಪಸು ಕೇಳಿದ ದಿನ ಅವರು ಕೊಟ್ಟರೇ? ಆತನಿಗೆ ಯಾರು ಬಂಡವಾಳ ಹಾಕಿದರು, ಆ್ಯಪ್ ಎಷ್ಟು ಚಂದ ಇತ್ತು ಎಂಬುದೆಲ್ಲ ಆಮೇಲಿನ ಮಾತು.

ಈ ಪ್ರಶ್ನೆ ಕೇಳುವ ಹಕ್ಕು ನಮ್ಮ ಜಿಲ್ಲೆಯವರಿಗೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಇದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಶುರು ಮಾಡಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದೇ ಬ್ಯಾಂಕು ಪಿಗ್ಮಿ ಶುರು ಮಾಡಿತು. ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು.

ಆ ಎರಡಾಣೆಯ ಹಿಂದೆ ಇದ್ದದ್ದು ನಂಬಿಕೆ. ಏಜೆಂಟರು ಯಾರ ಮಗ ಎಂದು ಗೊತ್ತಿತ್ತು, ಮ್ಯಾನೇಜರ್ ಎಲ್ಲಿ ಕೂರುತ್ತಾರೆ ಎಂದೂ ಗೊತ್ತಿತ್ತು. ಈಗ ಆ ಎರಡೂ ಬ್ಯಾಂಕುಗಳ ಹೆಸರು ಬೋರ್ಡಿನಲ್ಲಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಪಿಗ್ಮಿಯ ಜಾಗಕ್ಕೆ ಬೇರೆ ಬೇರೆ ಆ್ಯಪ್‌ಗಳು ಮೊಬೈಲಿಗೆ ಬಂದು ಕೂತಿವೆ.

ಅಂಥದ್ದರಲ್ಲಿ ಒಂದರ ಕತೆ ಹೇಳಬೇಕು.

2018ರಲ್ಲಿ ದರ್ಶನ್ ಬತೀಜಾ ಮತ್ತು ಸಂಜು ಕುರಿಯನ್ ಎಂಬ ಇಬ್ಬರು ಯುವಕರು ಒಂದು ಕಂಪನಿ ಶುರು ಮಾಡಿದರು. ಮೊದಲು ಇಟ್ಟ ಹೆಸರು 'ಬ್ಯಾಂಕ್ ಆಫ್ ಹಾಡ್ಲರ್ಸ್'. ಕ್ರಿಪ್ಟೋ ಮಾರದೆ ಹಿಡಿದಿಟ್ಟುಕೊಳ್ಳುವವರಿಗೆ ಆ ಲೋಕದಲ್ಲಿ ಹಾಡ್ಲರ್ ಎನ್ನುತ್ತಾರೆ. ಮುಂದೆ ಅದರ ಹೆಸರು 'ವಾಲ್ಡ್' ಎಂದಾಯಿತು. ನೋಂದಣಿ ಸಿಂಗಾಪುರದಲ್ಲಿ, ಭಾರತದ ಕೆಲಸಕ್ಕೆ ಫ್ಲಿಪ್‌ವೋಲ್ಟ್ ಎಂಬ ಇನ್ನೊಂದು ಕಂಪನಿ. 2021ರ ಜುಲೈಯಲ್ಲಿ ಅಮೆರಿಕದ ಪೀಟರ್ ಥೀಲ್ ಬೆಂಬಲದ ವಾಲಾರ್ ವೆಂಚರ್ಸ್ ಮುಂದೆ ನಿಂತು 2.5 ಕೋಟಿ ಡಾಲರ್ ಬಂಡವಾಳ ಬಂತು.

ಕೆಲಸ ಬ್ಯಾಂಕಿನದ್ದೇ. ನೀವು ಕ್ರಿಪ್ಟೋ ಇಡಬೇಕು, ಅವರು ಬಡ್ಡಿ ಕೊಡುತ್ತಾರೆ. ಅದನ್ನೇ ಬೇರೆಯವರಿಗೆ ಹೆಚ್ಚಿನ ಬಡ್ಡಿಗೆ ಸಾಲ ಕೊಡುತ್ತಾರೆ, ನಡುವಿನ ವ್ಯತ್ಯಾಸ ಲಾಭ. ಒಂದು ಡಾಲರ್ ಬೆಲೆಗೆ ಕಟ್ಟಿಟ್ಟ ನಾಣ್ಯಗಳಿಗೆ ಶೇ 12ಕ್ಕೂ ಮೇಲೆ ಬಡ್ಡಿ ಎಂದು ಜಾಹೀರಾತಿತ್ತು. ನಮ್ಮ ಬ್ಯಾಂಕಿನ ಎಫ್‌ಡಿಗೆ ಆಗ ಅದರ ಅರ್ಧದಷ್ಟೂ ಇರಲಿಲ್ಲ.

2022ರ ಮೇ ತಿಂಗಳಲ್ಲಿ ಟೆರ್ರಾ ಎಂಬ ಕ್ರಿಪ್ಟೋ ವ್ಯವಸ್ಥೆ ಕುಸಿಯಿತು. ಡಾಲರಿಗೆ ಸಮ ಎಂದಿದ್ದ ಅದರ ನಾಣ್ಯ ಕೆಲವೇ ದಿನಗಳಲ್ಲಿ ಬೆಲೆಯಿಲ್ಲದ್ದಾಯಿತು. ಜೂನ್ 12ರಂದು ಸೆಲ್ಸಿಯಸ್ ಎಂಬ ದೊಡ್ಡ ಕಂಪನಿ ಹಣ ಹಿಂತೆಗೆಯುವುದನ್ನೇ ನಿಲ್ಲಿಸಿತು. ಜನ ಹೆದರಿದರು. ಜೂನ್ ಮಧ್ಯದಲ್ಲಿ ವಾಲ್ಡ್ ಗ್ರಾಹಕರಿಗೆ ಬತೀಜಾ ಬರೆದ ಪತ್ರದ ಸಾರ: ನಮ್ಮ ಕೆಲಸ ಎಂದಿನಂತೆ ನಡೆಯುತ್ತದೆ. ಜುಲೈ 4ರಂದು ವಾಲ್ಡ್ ಕೂಡ ಬಾಗಿಲು ಹಾಕಿತು. ಜೂನ್ 12ರಿಂದ ಅಲ್ಲಿಯವರೆಗೆ ಜನ 19.77 ಕೋಟಿ ಡಾಲರಿಗೂ ಹೆಚ್ಚು ಹಿಂತೆಗೆದಿದ್ದರು. ಇನ್ನೂ ಕೊಡಬೇಕಾಗಿದ್ದದ್ದು ಸುಮಾರು 40 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ 3,000 ಕೋಟಿ ರೂಪಾಯಿಗೂ ಮೇಲೆ. ಅದರಲ್ಲಿ ಬಹುಪಾಲು ಸಾಮಾನ್ಯ ಜನರ ದುಡ್ಡು. ಕಂಪನಿಯ ಆಸ್ತಿ 33 ಕೋಟಿ ಡಾಲರ್ ಮಾತ್ರ.

ಮುಂದಿನ ತಿಂಗಳು ಇ.ಡಿ.ಯವರು ಫ್ಲಿಪ್‌ವೋಲ್ಟ್‌ನಲ್ಲಿದ್ದ 370 ಕೋಟಿ ರೂಪಾಯಿ ಮೌಲ್ಯದ ಹಣ ಮತ್ತು ಕ್ರಿಪ್ಟೋವನ್ನು ತಡೆಹಿಡಿದರು. ಬೆಂಗಳೂರಿನ ಯೆಲ್ಲೋ ಟ್ಯೂನ್ ಎಂಬ ಕಂಪನಿ, ಜನರನ್ನು ಕಾಡುವ ಸಾಲದ ಆ್ಯಪ್‌ಗಳ ಹಣವನ್ನು ಇದರ ಮೂಲಕ ಹೊರಗೆ ಸಾಗಿಸಿದೆ ಎಂಬುದು ಇ.ಡಿ. ಆರೋಪ. ವಾಲ್ಡ್ ಅದನ್ನು ಒಪ್ಪಲಿಲ್ಲ. ನೆಕ್ಸೊ ಎಂಬ ಕಂಪನಿ ವಾಲ್ಡನ್ನು ಕೊಳ್ಳುವ ಮಾತುಕತೆ 2023ರ ಆರಂಭದಲ್ಲಿ ಮುರಿದುಬಿತ್ತು. ದುಡ್ಡಿಟ್ಟವರು ಸಿಂಗಾಪುರದ ನ್ಯಾಯಾಲಯದ ಕಡೆ ನೋಡುತ್ತ ಕೂರಬೇಕಾಯಿತು.

ಬತೀಜಾ ಮೋಸ ಮಾಡಲೆಂದೇ ಬಂದವರು ಎಂದು ನಾನು ಹೇಳುತ್ತಿಲ್ಲ. ಕ್ರಿಪ್ಟೋ ಉದ್ಯಮದಲ್ಲಿರುವ ಎಲ್ಲರೂ ಒಂದೇ ಎಂದೂ ಅಲ್ಲ. ತುಮಕೂರು ನಂಟಿನ ಯುನೊಕಾಯಿನ್ ನೋಡಿ. ಸಾತ್ವಿಕ್ ವಿಶ್ವನಾಥ್ ಮತ್ತು ಗೆಳೆಯರು 2013ರಲ್ಲೇ ಅದನ್ನು ಶುರು ಮಾಡಿದರು. 2018ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಎಟಿಎಂ ತರಹದ ಯಂತ್ರ ಇಟ್ಟದ್ದಕ್ಕೆ ಅನುಮತಿ ಇಲ್ಲವೆಂದು ಪೊಲೀಸರು ಸಾತ್ವಿಕ್ ಮತ್ತು ಹರೀಶ್ ಬಿ.ವಿ. ಅವರನ್ನು ಬಂಧಿಸಿದರು. ಕ್ರಿಪ್ಟೋ ಇಟ್ಟುಕೊಳ್ಳುವುದು ಆಗಲೂ ಅಪರಾಧವಾಗಿರಲಿಲ್ಲ. ಕ್ರಿಪ್ಟೋ ಕಂಪನಿಗಳಿಗೆ ಬ್ಯಾಂಕ್ ಸೇವೆ ಕೊಡಬಾರದೆಂಬ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರದ್ದುಮಾಡಿತು. ಅಷ್ಟೆಲ್ಲ ಆದ ಮೇಲೂ ಸಾತ್ವಿಕ್ ಅದೇ ಉದ್ಯಮದಲ್ಲಿ ಮುಂದುವರಿದರು.

ನನ್ನ ತಕರಾರು 'ಬ್ಯಾಂಕ್' ಎಂಬ ಮಾತಿನ ಬಗ್ಗೆ. ಬ್ಯಾಂಕುಗಳೂ ಮುಳುಗುತ್ತವೆ, ನಿಜ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿತು. ಆ ಪೆಟ್ಟಿನಿಂದಲೇ 1962ರಲ್ಲಿ ಠೇವಣಿ ವಿಮೆ ಬಂತು. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾದಾಗ ವಯಸ್ಸಾದವರು ಕಣ್ಣೀರು ಹಾಕಿದ್ದನ್ನು ನೋಡಿದ್ದೇವೆ. ಆದರೆ ಅಲ್ಲಿ ತಡವಾಗಿಯಾದರೂ ವಿಮೆಯಿಂದ 5 ಲಕ್ಷದವರೆಗೆ ವಾಪಸು ಬಂತು. ಕ್ರಿಪ್ಟೋ ಆ್ಯಪ್‌ನಲ್ಲಿ ಇಟ್ಟದ್ದಕ್ಕೆ ಆ ವಿಮೆ ಇಲ್ಲ. ಕಂಪನಿ ಇಂತಿಷ್ಟು ಹಣ ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕೆಂಬ ನಿಯಮವೂ ಇಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕದ್ದುಹೋದಾಗಲೂ ಕಾದು ಕೂತವರು ದುಡ್ಡಿಟ್ಟವರೇ.

"ಸರ್ಕಾರ ತೆರಿಗೆ ತಗೊಳ್ತದಲ್ಲ ಮಾರಾಯ್ರೆ, ಮತ್ತೆಂಥ ಹೆದರಿಕೆ?" ಎನ್ನುವವರಿದ್ದಾರೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ ಇದೆ, ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ತೆರಿಗೆ ತೆಗೆದುಕೊಳ್ಳುವುದು ಖಾತರಿ ಕೊಟ್ಟ ಹಾಗಲ್ಲ. 2023ರ ಮಾರ್ಚಿನಿಂದ ಈ ಕಂಪನಿಗಳು ಕಪ್ಪುಹಣ ತಡೆ ಕಾನೂನಿನಡಿ ಬಂದಿವೆ, ಒಳ್ಳೆಯದೇ. ಅದು ಹಣ ಎಲ್ಲಿಂದ ಬಂತೆಂದು ನೋಡುವ ಕಾನೂನು. ನಿಮ್ಮ ಹಣ ವಾಪಸು ಕೊಡಿಸುವ ಕಾನೂನಲ್ಲ.

1986ರಲ್ಲಿ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ಇಲ್ಲಿಂದ ಸಾವಿರಾರು ಮಕ್ಕಳು ಕಲಿತು ಹೊರಗೆ ಹೋಗಿದ್ದಾರೆ. ಅವರಲ್ಲೊಬ್ಬರು ನಾಳೆ ಹೊಸ ಹಣಕಾಸು ಕಂಪನಿ ಕಟ್ಟಿದರೆ ನನಗೂ ಹೆಮ್ಮೆಯೇ. ಆದರೆ ಬಂಡವಾಳ ಬಂದ ದಿನವೇ ಸಾಧಕ ಎಂದು ಫೋಟೊ ಹಾಕುವ ಚಾಳಿಯನ್ನು ಪತ್ರಿಕೆಗಳು ಬಿಡಬೇಕು. ಬಂಡವಾಳ ಬಂತೆಂದರೆ ಶ್ರೀಮಂತರೊಬ್ಬರು ಪಂಥ ಕಟ್ಟಿದ್ದಾರೆ ಎಂದಷ್ಟೇ ಅರ್ಥ. ಅವರಿಗೆ ಹೋದರೆ ಹತ್ತರಲ್ಲಿ ಒಂದು ಹೋಗುತ್ತದೆ. ಬೀಡಿ ಕಟ್ಟಿ ಉಳಿಸಿದವರಿಗೆ, ಅಡಿಕೆ ಮಾರಿದ ದುಡ್ಡು ಇಟ್ಟವರಿಗೆ ಇರುವುದೇ ಒಂದು.

ಆದ್ದರಿಂದ ಮನೆಯ ಹುಡುಗ ಮೊಬೈಲ್ ಹಿಡಿದು "ಇದರಲ್ಲಿ ಹಾಕುವ" ಎಂದರೆ ಬೈಯಬೇಡಿ, ಮೂರು ಪ್ರಶ್ನೆ ಕೇಳಿ. ಇಷ್ಟು ಬಡ್ಡಿ ಯಾರ ಕಿಸೆಯಿಂದ ಬರುತ್ತದೆ? ಎಲ್ಲರೂ ಒಂದೇ ದಿನ ವಾಪಸು ಕೇಳಿದರೆ ಕೊಡಲು ಎಲ್ಲಿದೆ? ಕೊಡದಿದ್ದರೆ ನಾವು ಹೋಗಬೇಕಾದ ಕಚೇರಿ, ಕೋರ್ಟು ಯಾವ ಊರಿನಲ್ಲಿದೆ? ಮೂರಕ್ಕೂ ನೇರ ಉತ್ತರ ಇದ್ದರೆ, ಹೋದರೂ ತಡೆದುಕೊಳ್ಳುವಷ್ಟು ಮಾತ್ರ ಹಾಕಲಿ. ಉತ್ತರ ಇಲ್ಲದಿದ್ದರೆ, ಶೇ 12ಕ್ಕಿಂತ ಸೊಸೈಟಿಯ ಪಾಸ್‌ಬುಕ್ಕೇ ಲೇಸು. ಈಗಾಗಲೇ ಯಾರಾದರೂ ಮೋಸ ಮಾಡಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.