ಯಾರು ಅಷ್ಟು ನಗುವುದು?

ಕಳೆದ ಮಳೆಗಾಲದ ಒಂದು ರಾತ್ರಿ. ಮಂಗಳೂರಿನ ಬಿಜೈಯ ನಮ್ಮ ಫ್ಲಾಟಿನಲ್ಲಿ ಟಿವಿ ಹಾಕಿತ್ತು, ಯಾವುದೋ ಕಾಮಿಡಿ ಕಾರ್ಯಕ್ರಮ ಬರುತ್ತಿತ್ತು. ಅಡುಗೆಮನೆಯಲ್ಲಿ ಗಂಜಿ ಬಡಿಸುತ್ತಿದ್ದ ಅಮ್ಮ ಅಲ್ಲಿಂದಲೇ ಕೇಳಿದರು: "ಯಾರು ಮಾರಾಯಾ ಅಷ್ಟು ನಗುವುದು?" ಟಿವಿ ಎದುರು ಇದ್ದದ್ದು ನಾನೊಬ್ಬ. ನಾನು ನಗುತ್ತಿರಲಿಲ್ಲ. ಪ್ರತಿ ಮಾತಿನ ಕೊನೆಗೂ ಟಿವಿಯೇ ನಗುತ್ತಿತ್ತು. ಅಮ್ಮ ತಟ್ಟೆ ಹಿಡಿದುಕೊಂಡು ಬಂದು ಎರಡು ನಿಮಿಷ ನಿಂತು ನೋಡಿದರು. ಆಮೇಲೆ ಏನೂ ಹೇಳದೆ ಒಳಗೆ ಹೋಗಿ ಅಲ್ಲೇ ಕೂತು ಉಂಡರು.

ಇದೇ ಅಮ್ಮ ಇಪ್ಪತ್ತು ವರ್ಷಗಳ ಹಿಂದೆ 'ಪಾಪ ಪಾಂಡು' ನೋಡುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ನನಗೆ ನೆನಪಿದೆ. 2000ದ ಕೊನೆಗೆ ಶುರುವಾದ ಈಟಿವಿ ಕನ್ನಡ, ಅಂದರೆ 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡ ವಾಹಿನಿ, ಕನ್ನಡಿಗರಿಗೆ ಹಾಸ್ಯ ಧಾರಾವಾಹಿಯ ಒಂದು ಒಳ್ಳೆಯ ಕಾಲವನ್ನೇ ಕೊಟ್ಟಿತು. ಸಿಹಿಕಹಿ ಚಂದ್ರು ನಿರ್ದೇಶನದ 'ಪಾಪ ಪಾಂಡು'ವಿನಲ್ಲಿ ಚಿದಾನಂದ್ ಮತ್ತು ಶಾಲಿನಿ ಇದ್ದರು. ವಿಜಯಪ್ರಸಾದ್ ಅವರ 'ಸಿಲ್ಲಿ ಲಲ್ಲಿ'ಯಲ್ಲಿ ಸಮಾಜಸೇವಕಿ ಲಲಿತಾಂಬನಾಗಿ ಮಂಜುಭಾಷಿಣಿ, ಡಾಕ್ಟರ್ ವಿಠಲ್ ರಾವ್ ಆಗಿ ರವಿಶಂಕರ್ ಬರುತ್ತಿದ್ದರು. ಫಣಿ ರಾಮಚಂದ್ರರ 'ದಂಡಪಿಂಡಗಳು' ಇತ್ತು. ಅದಕ್ಕೂ ಹಿಂದೆ ದೂರದರ್ಶನದ ಕಾಲದಲ್ಲಿ 'ಸಿಹಿಕಹಿ' ಬಂದಿತ್ತು. ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ಇಬ್ಬರಿಗೂ ಧಾರಾವಾಹಿಯ ಹೆಸರೇ ಮನೆಹೆಸರಿನ ಹಾಗೆ ಅಂಟಿಕೊಂಡಿತು. ಜನ ಒಂದು ಹಾಸ್ಯವನ್ನು ಎಷ್ಟು ಹಚ್ಚಿಕೊಂಡರು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಆ ಗುಣಮಟ್ಟ ಇಲ್ಲ ಎಂದರೆ ಕೂಡಲೇ ಒಂದು ಆಕ್ಷೇಪ ಬರುತ್ತದೆ: ವಯಸ್ಸಾದವರಿಗೆ ತಮ್ಮ ಕಾಲದ್ದೆಲ್ಲ ಚಂದ ಕಾಣುತ್ತದೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ಕಾಲದಲ್ಲೂ ನೀರಸ ಹಾಸ್ಯ ಬೇಕಾದಷ್ಟಿತ್ತು, ಅದು ನಮಗೆ ಮರೆತುಹೋಗಿದೆ. 'ಪಾಪ ಪಾಂಡು'ವಿನ ಎಲ್ಲ ಕಂತುಗಳೂ ಚಿನ್ನವಾಗಿರಲಿಲ್ಲ. ಹೆಂಡತಿಗೆ ಹೆದರುವ ಗಂಡ ಎಂಬ ಒಂದೇ ಎಳೆಯನ್ನು ಹಿಡಿದು ಎಳೆದ ದಿನಗಳೂ ಇದ್ದವು. ಆದರೂ ಒಂದು ವ್ಯತ್ಯಾಸ ಉಂಟು, ಅದಕ್ಕೂ ನನ್ನ ವಯಸ್ಸಿಗೂ ಸಂಬಂಧ ಇಲ್ಲ.

ಆಗ ನಾವು ನಗುತ್ತಿದ್ದದ್ದು ಪರಿಚಯದವರನ್ನು ನೋಡಿ. ಲಲಿತಾಂಬ ಬಾಗಿಲು ದಾಟಿ ಒಳಗೆ ಬರುವಾಗಲೇ, ಇನ್ನೂ ಬಾಯಿ ತೆರೆಯುವ ಮೊದಲೇ, ಮನೆಯಲ್ಲಿ ನಗು ಶುರುವಾಗಿರುತ್ತಿತ್ತು. ಈ ಹೆಂಗಸು ಈಗ ಏನು ಎಡವಟ್ಟು ಮಾಡುತ್ತಾಳೆ ಎಂದು ನಮಗೆ ಗೊತ್ತು, ಅದು ಅವಳಿಗೆ ಗೊತ್ತಿಲ್ಲ. ಸನ್ನಿವೇಶ ಹಾಸ್ಯದ ಜೀವ ಇರುವುದೇ ಅಲ್ಲಿ. ಸಂಬಂಧಿಕರ ಮನೆಯ ಮದುವೆಯಲ್ಲಿ ದೊಡ್ಡಪ್ಪ ಬಡಿಸುವವರ ಜೊತೆ ಜಗಳಕ್ಕೆ ಹೊರಟಾಗ ನಾವು ನಗುತ್ತೇವಲ್ಲ, ಆ ನಗುವಿನ ಹಿಂದೆ ಮೂವತ್ತು ವರ್ಷದ ಒಡನಾಟ ಇರುತ್ತದೆ. ಪಕ್ಕದಲ್ಲಿ ಕೂತ ಹೊರಗಿನವನಿಗೆ ಅದು ಬರೀ ಜಗಳ. ಒಳ್ಳೆಯ ಧಾರಾವಾಹಿ ಈ ಒಡನಾಟವನ್ನು ವಾರವಾರ ಕೂಡಿಹಾಕುತ್ತಾ ಹೋಗುತ್ತದೆ.

ಈಗ ಹಾಸ್ಯ ಎಂದರೆ ಸ್ಕಿಟ್. ವೇದಿಕೆ ಮೇಲೆ ಎಂಟೋ ಹತ್ತೋ ನಿಮಿಷ, ಪ್ರತಿ ಸಲವೂ ಹೊಸ ಪಾತ್ರ, ಎದುರಿಗೆ ತೀರ್ಪುಗಾರರು. ಕಲಾವಿದರ ಶಕ್ತಿಯ ಬಗ್ಗೆ ನನಗೆ ದೂರಿಲ್ಲ. ಹಳ್ಳಿಗಳಿಂದ, ಹವ್ಯಾಸಿ ತಂಡಗಳಿಂದ ಎಷ್ಟೋ ಮಂದಿ ಈ ಕಾರ್ಯಕ್ರಮಗಳ ಮೂಲಕವೇ ಬೆಳಕಿಗೆ ಬಂದಿದ್ದಾರೆ, ಅದು ಸಣ್ಣ ಸಂಗತಿಯಲ್ಲ. ಆದರೆ ಎಂಟು ನಿಮಿಷದಲ್ಲಿ ಒಬ್ಬ ಮನುಷ್ಯನ ಪರಿಚಯ ಆಗುವುದು ಹೇಗೆ? ಕಣ್ಣಿಗೆ ಮೊದಲು ಬೀಳುವುದು ಮೈ. ಹಾಗಾಗಿ ದಪ್ಪಗಿದ್ದವಳ ದಪ್ಪ, ಕಪ್ಪಗಿದ್ದವನ ಕಪ್ಪು, ತೊದಲುವವನ ತೊದಲು, ಸೀರೆ ಉಟ್ಟ ಗಂಡಸಿನ ನಡಿಗೆ, ಇಷ್ಟೇ ಸರಕು. ಇದರಲ್ಲಿ ಯಾರದೋ ಕೆಟ್ಟ ಬುದ್ಧಿಗಿಂತ ಹೆಚ್ಚಾಗಿ ಸಮಯದ ಲೆಕ್ಕಾಚಾರ ಕೆಲಸ ಮಾಡುತ್ತದೆ ಎಂದು ನಾನು ನಂಬಿದ್ದೇನೆ. ಗುರುತು ಇಲ್ಲದವರನ್ನು ತೋರಿಸಿ ನಗಿಸಬೇಕಾದಾಗ ಕೈಗೆ ಸಿಗುವುದು ಅವಹೇಳನ ಮಾತ್ರ.

ಮಂಗಳೂರಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ಆ ಸರಕಿನಲ್ಲಿ ನಮ್ಮ ಮಾತೂ ಸೇರಿದೆ. ಟಿವಿಯಲ್ಲಿ ಮಂಗಳೂರಿನವ ಬಂದರೆ ಸಾಕು, ಮಾತುಮಾತಿಗೆ 'ಎಂತದು ಮಾರಾಯ್ರೆ' ಎನ್ನಬೇಕು, ಪ್ರತಿ ವಾಕ್ಯವನ್ನೂ ರಾಗ ಎಳೆದು ಮುಗಿಸಬೇಕು, ಪುಸ್ತಕದ ಹಾಗೆ ಮಾತಾಡಬೇಕು. ನಾವು 'ಹೋಗ್ಲಿಕ್ಕುಂಟು' ಎನ್ನುತ್ತೇವೆ, ಹೌದು. 'ಮಾರಾಯ್ರೆ' ಅನ್ನುವುದೂ ಹೌದು. ಆದರೆ ಆ ಒಂದೇ ಪದವನ್ನು ನಾವು ಬೇಡಿಕೊಳ್ಳುವಾಗ ಒಂದು ರೀತಿ ಹೇಳುತ್ತೇವೆ, ಬೈಯುವಾಗ ಬೇರೆ ರೀತಿ, ಸಾವಿನ ಮನೆಯಲ್ಲಿ ಇನ್ನೂ ಬೇರೆ ರೀತಿ. ಹಂಪನಕಟ್ಟೆಯಲ್ಲಿ ಅರ್ಧ ಗಂಟೆ ಬಸ್ಸಿಗೆ ಕಾದವರಿಗೆ ಇದು ಗೊತ್ತಾದೀತು. ಬರೆಯುವವರು ಆ ಅರ್ಧ ಗಂಟೆ ನಿಲ್ಲುವುದಿಲ್ಲ. ಉತ್ತರ ಕರ್ನಾಟಕದವರ ಮಾತಿಗೂ ಇದೇ ಗತಿ.

ಕಾರಣ ಹುಡುಕಿದರೆ ಹೆಚ್ಚಿನವರು ಟಿಆರ್‌ಪಿಯ ಕಡೆ ಬೆರಳು ತೋರಿಸುತ್ತಾರೆ. ಅದು ಅರ್ಧ ಸತ್ಯ. ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಬರಹದ ಮೇಲಿನ ಒತ್ತಡ. ಬ್ರಿಟನ್ನಿನ 'ಫಾಲ್ಟಿ ಟವರ್ಸ್' 1975ರಲ್ಲಿ ಆರು ಕಂತು, ಮತ್ತೆ 1979ರಲ್ಲಿ ಆರು ಕಂತು, ಒಟ್ಟು 12 ಕಂತಿಗೆ ಮುಗಿಯಿತು. ಇವತ್ತಿಗೂ ಜನ ಅದನ್ನು ಹುಡುಕಿ ನೋಡುತ್ತಾರೆ. ನಮ್ಮ ಹಿಂದಿಯ 'ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ' 2008ರ ಜುಲೈನಲ್ಲಿ ಶುರುವಾಗಿ 4000 ಕಂತು ದಾಟಿದೆ. ಮೊದಲಿನ ವರ್ಷಗಳ ಗೋಕುಲಧಾಮ ಸೊಸೈಟಿಯನ್ನು ನಮ್ಮ ಮನೆಯಲ್ಲೂ ಇಷ್ಟಪಟ್ಟು ನೋಡಿದ್ದೇವೆ. ಆದರೆ ಯಾವ ಲೇಖಕ, ಎಷ್ಟೇ ಪ್ರತಿಭೆ ಇದ್ದರೂ, 4000 ಸಲ ಹೊಸ ಇಕ್ಕಟ್ಟು ಹುಟ್ಟಿಸಿಯಾನು? ಬಾವಿಗೂ ಒರತೆ ಬರಲು ಒಂದಿಷ್ಟು ಹೊತ್ತು ಬಿಡಬೇಕು. ದಿನಕ್ಕೊಂದು ಕಂತು ಬೇಕು ಎಂದಾಗ ಸನ್ನಿವೇಶ ಬತ್ತಿ, ಚೀರಾಟ ಮತ್ತು ಹಿನ್ನೆಲೆ ಸದ್ದು ಆ ಜಾಗ ತುಂಬುತ್ತವೆ. 'ಪಾಪ ಪಾಂಡು' 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂದಾಗ ಅಮ್ಮ ಆಸೆಯಿಂದ ಕೂತರು, ಒಂದು ವಾರ ನೋಡಿದರು, ಬಿಟ್ಟರು. ಹೆಸರು ವಾಪಸು ಬಂದಿತ್ತು, ಹಳೆಯ ಒಡನಾಟ ಬಂದಿರಲಿಲ್ಲ.

ನಮ್ಮ ಊರಿನಲ್ಲಿ ಹಾಸ್ಯಕ್ಕೆ ಬರಗಾಲ ಇದೆಯೇ ಎಂದರೆ, ಅದೂ ಇಲ್ಲ. ಪುರಭವನದಲ್ಲಿ ತುಳು ನಾಟಕ ನೋಡಿದವರಿಗೆ ಗೊತ್ತು. ದೇವದಾಸ್ ಕಾಪಿಕಾಡ್ ಅವರ ನಾಟಕಗಳು, ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ 'ಒರಿಯರ್ದೊರಿ ಅಸಲ್', ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್. ಒಂದೇ ನಾಟಕ ಊರಿಂದ ಊರಿಗೆ ಹೋಗುತ್ತದೆ, ಪ್ರದರ್ಶನದ ಮೇಲೆ ಪ್ರದರ್ಶನ ಆಗುತ್ತದೆ. ಸುರತ್ಕಲ್‌ನಲ್ಲಿ ಸೋತ ಮಾತು ಪುತ್ತೂರಿಗೆ ಹೋಗುವಷ್ಟರಲ್ಲಿ ಬಿದ್ದುಹೋಗಿರುತ್ತದೆ, ಗೆದ್ದ ಮಾತು ಇನ್ನೂ ಹರಿತವಾಗಿರುತ್ತದೆ. ಒಂದು ಸಲ ನಾನು ನೋಡುತ್ತಿದ್ದಾಗ, ಜನ ನಗು ನಿಲ್ಲಿಸದ ಕಾರಣ ನಟ ಮುಂದಿನ ಮಾತನ್ನು ಹಾಗೇ ಬಾಯಲ್ಲಿ ಹಿಡಿದುಕೊಂಡು, ಮುಂಡಿನ ತುದಿ ಕೈಯಲ್ಲಿ ಎತ್ತಿಕೊಂಡು, ಅಲುಗಾಡದೆ ನಿಂತ. ಆ ನಿಲುವಿಗೇ ಮತ್ತೊಂದು ಸುತ್ತು ನಗು ಎದ್ದಿತು. ಮೊದಲೇ ಮುದ್ರಿಸಿಟ್ಟ ನಗು ನಟನಿಗೆ ಏನನ್ನು ಕಲಿಸೀತು? ತುಳು ನಾಟಕದಲ್ಲೂ ಕುಡುಕನ ತಮಾಷೆ, ಎರಡರ್ಥದ ಮಾತು ಹೆಚ್ಚಾಗುತ್ತಿದೆ ಎಂಬ ಬೇಸರ ನನಗೂ ಇದೆ. ಆದರೆ ಅಲ್ಲಿ ಜನ ಎದುರಿಗೇ ಕೂತಿರುತ್ತಾರೆ, ಸುಮ್ಮನಿದ್ದು ಬುದ್ಧಿ ಹೇಳುತ್ತಾರೆ.

ಯಕ್ಷಗಾನದ ಹಾಸ್ಯಗಾರರ ದಾರಿ ಇನ್ನೂ ಕಠಿಣ. ತೆಂಕುತಿಟ್ಟಿನ ಪೆರುವಡಿ ನಾರಾಯಣ ಭಟ್ಟರು 'ಪಾಪಣ್ಣ ವಿಜಯ'ದ ಪಾಪಣ್ಣನಾಗಿ ಎಷ್ಟು ಹೆಸರಾದರೆಂದರೆ ಜನ ಅವರನ್ನು ಪಾಪಣ್ಣ ಭಟ್ಟರೆಂದೇ ಕರೆದರು. ಪಾಪಣ್ಣ ಕುರೂಪಿ. ಮೊದಲಿಗೆ ಜನ ನಗುವುದು ಆ ರೂಪಕ್ಕೇ. ಆದರೆ ರಾತ್ರಿ ಬೆಳೆದ ಹಾಗೆ ಅವನು ನಮ್ಮವನಾಗುತ್ತಾನೆ, ಆಮೇಲೆ ಅವನ ರೂಪಕ್ಕೆ ನಗಲು ಮನಸ್ಸು ಒಪ್ಪುವುದಿಲ್ಲ, ಅವನ ಮಾತಿಗೆ ನಗುತ್ತೇವೆ. ಸ್ಕಿಟ್ ನಿಂತುಹೋಗುವುದು ಆ ಮೊದಲಿನ ಹತ್ತು ನಿಮಿಷದಲ್ಲೇ.

ಪಕ್ಕದ ಮಲಯಾಳದಲ್ಲಿ 2015ರ ಕೊನೆಗೆ ಫ್ಲವರ್ಸ್ ವಾಹಿನಿಯಲ್ಲಿ ಶುರುವಾದ 'ಉಪ್ಪುಂ ಮುಳಕುಂ' ನೋಡಿ. ಬಾಲು, ನೀಲು, ಅವರ ಮಕ್ಕಳು, ಮನೆಯೊಳಗಿನ ಸಣ್ಣಪುಟ್ಟ ತಕರಾರು, ಅಷ್ಟೇ. ಕಾಸರಗೋಡಿನ ನನ್ನ ಅತ್ತೆಯ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳೂ ಅದನ್ನು ಬಿಡದೆ ನೋಡುತ್ತಿದ್ದರು. ಅದೂ ದಿನದ ಧಾರಾವಾಹಿಯೇ. ಮನೆ ನಿಜವಾದ ಮನೆಯ ಹಾಗೆ ಇದ್ದರೆ ದಿನದ ಒತ್ತಡವನ್ನೂ ಒಂದಷ್ಟು ಕಾಲ ತಾಳಿಕೊಳ್ಳಬಹುದು ಎನ್ನುವುದಕ್ಕೆ ಅದನ್ನು ಹೇಳಿದೆ.

ನಮಗೂ ಅಂಥದ್ದೊಂದು ಬೇಕು. ಆದರೆ ವಾರಕ್ಕೊಂದೇ ಕಂತು, 13 ವಾರ, ಬರೆಯುವವರಿಗೆ ಆರು ತಿಂಗಳು ಬಿಡುವು. ಕತೆಗೆ ನಮ್ಮ ಕಟ್ಟಡವೇ ಸಾಕು. ಒಂದೇ ಲಿಫ್ಟಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಹತ್ತಿ ಇಳಿಯುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರು ದಿನ ಬಿಟ್ಟು ದಿನ ಆದರೆ ಮೂರು ಮಹಡಿಗಳ ನಡುವೆ ಮಹಾಭಾರತವೇ ನಡೆಯುತ್ತದೆ.

ಮೊನ್ನೆ ಅಮ್ಮನಿಗೆ ಇದನ್ನೇ ಹೇಳುತ್ತಿದ್ದೆ. ಅವರು ಮಧ್ಯದಲ್ಲೇ ತಡೆದು, ಮೂರನೇ ಮಹಡಿಯ ಬಾಯಮ್ಮನ ಕತೆ ತೆಗೆದರು. ಬೂತಾಯಿ ಮೀನು ತೆಗೆದುಕೊಂಡು ಬರುವಾಗ ಕರೆಂಟು ಹೋಗಿ ಬಾಯಮ್ಮ ಲಿಫ್ಟಿನಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಬಿದ್ದಿದ್ದರು. ಕಟ್ಟಡದವರೆಲ್ಲ ಸೇರಿ ಬಾಗಿಲು ತೆರೆಸಿ, ಎಂತ ಆಯ್ತು, ಹುಷಾರಿದ್ದೀರಾ ಎಂದು ಗಾಬರಿಯಿಂದ ಕೇಳಿದರೆ, ಅವರು ಕೈಯಲ್ಲಿದ್ದ ಚೀಲವನ್ನೇ ಮುಂದೆ ಚಾಚಿದರಂತೆ.

"ನಂಗೆ ಎಂತ ಆಗ್ಲಿಲ್ಲ. ಬೂತಾಯಿಗೆ ಎಂತಾಯ್ತು ನೋಡಿ ಮಾರಾಯ್ರೆ."

ಅದನ್ನು ಹೇಳಿ ಮುಗಿಸಲಿಕ್ಕೆ ಅಮ್ಮನಿಗೆ ಮೂರು ಸಲ ನಿಲ್ಲಿಸಬೇಕಾಯಿತು. ಸೆರಗು ಮತ್ತೆ ಕಣ್ಣಿಗೆ ಹೋಗಿತ್ತು.